ಬರೆದವರಿಗೆ ಸಿಕ್ಕಿದ್ದು 60 ಪೈಸೆ

(ಮಲ್ಲತ್ತಹಳ್ಳಿಯಲ್ಲಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಭಾನುವಾರದ ಕೂಟದಲ್ಲಿ, ಹಿಂದೆ ಬಾಡಿಗೆ ಪುಸ್ತಕದ ಅಂಗಡಿ ನಡೆಸುತ್ತಿದ್ದವರೊಬ್ಬರು ಮಾಡಿದ ಭಾಷಣ. — ಸಂ.)



ನಾನು ಸಾಹಿತಿಯಲ್ಲ, ವಿಮರ್ಶಕನೂ ಅಲ್ಲ. ಅಂಗಡಿಯವನು. ಆದುದರಿಂದ ಸಾಹಿತ್ಯದ ವಿಷಯದಲ್ಲಿ ನನ್ನನ್ನು ಮಾತಾಡಲು ಕರೆದಾಗ ಮೊದಲು ಒಲ್ಲೆನೆಂದೆ. ಆಮೇಲೆ ಯೋಚಿಸಿದೆ: ಪುಸ್ತಕ ಬರೆಯುವವರ ಮಾತನ್ನು ಎಲ್ಲರೂ ಕೇಳಿದ್ದಾರೆ, ಓದುವವರ ಮಾತನ್ನೂ ಕೇಳಿದ್ದಾರೆ, ನಡುವೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನ ಮಾತನ್ನು ಕೇಳಿದವರು ಕಡಮೆ. ಆ ಲೆಕ್ಕವನ್ನಷ್ಟು ಒಪ್ಪಿಸಿಬಿಡೋಣ ಎಂದು ಬಂದೆ.

ನಾವು ಕುಳಿತಿರುವ ಈ ಜಾಗದಿಂದ ಕಲಾಗ್ರಾಮ ದೂರವಿಲ್ಲ. ಕವಿ ಜಿ. ಎಸ್. ಶಿವರುದ್ರಪ್ಪನವರ ಅಂತ್ಯಕ್ರಿಯೆ 2013ರಲ್ಲಿ ಅಲ್ಲಿಯೇ ಆಯಿತು. ಯು. ಆರ್. ಅನಂತಮೂರ್ತಿಯವರದು 2014ರಲ್ಲಿ. ಪೋಲೀಸರು ಕುಶಾಲು ತೋಪು ಹಾರಿಸಿದರು, ಮಂತ್ರಿಗಳು ಬಂದರು, ರಸ್ತೆಯುದ್ದಕ್ಕೂ ಜನ ನಿಂತರು. ಒಳ್ಳೆಯದೇ. ಬರೆದವನಿಗೆ ಇಷ್ಟು ಮರ್ಯಾದೆ ಮಾಡುವ ನಾಡುಗಳು ಬಹಳ ಇಲ್ಲ. ಆದರೆ ಆ ಗುಂಪಿನಲ್ಲಿ ನಿಂತಿದ್ದಾಗ ನನ್ನ ಅಂಗಡಿ ಬುದ್ಧಿಗೆ ಒಂದು ಪ್ರಶ್ನೆ ಬಂತು: ಇವರ ಮನೆಯ ಒಲೆ ಉರಿದದ್ದು ಯಾವ ಹಣದಿಂದ? ಶಿವರುದ್ರಪ್ಪನವರು ಕನ್ನಡ ಪ್ರಾಧ್ಯಾಪಕರು. ಅನಂತಮೂರ್ತಿಯವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ‘ಶಿಕಾರಿ’ ಬರೆದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬೇಕಲೈಟ್ ಹೈಲಮ್ ಕಂಪನಿಯ ನೌಕರರು. ಮಾಸ್ತಿಯವರು ಮೈಸೂರು ಸರಕಾರದ ಅಧಿಕಾರಿಗಳು. ಕುವೆಂಪು ಅವರು ಪ್ರಾಧ್ಯಾಪಕರು, ಆಮೇಲೆ ಕುಲಪತಿಗಳು. ಭೈರಪ್ಪನವರೂ ಮೇಷ್ಟ್ರೇ. ತೇಜಸ್ವಿಯವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟ. ಕತೆ ಕಾದಂಬರಿಯ ಸಂಪಾದನೆಯೊಂದರಿಂದಲೇ ಸಂಸಾರ ನಡೆಸಿದವರನ್ನು ಎಣಿಸ ಹೊರಟರೆ ಅ. ನ. ಕೃ., ತ. ರಾ. ಸು., ನಿರಂಜನ ಎಂದು ಒಂದು ಕೈಯ ಬೆರಳು ಮುಗಿಯುವುದರೊಳಗೆ ತಡವರಿಸಬೇಕಾಗುತ್ತದೆ. ಅ. ನ. ಕೃ. ಅವರು ನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು. ಇಷ್ಟೇಕೆ ಬರೆದರು ಎಂದು ಪಂಡಿತರು ಮೂಗು ಮುರಿದದ್ದುಂಟು. ಪಂಡಿತರಿಗೆ ತಿಂಗಳ ಮೊದಲ ತಾರೀಖು ಸಂಬಳ ಬರುತ್ತಿತ್ತು.

ಪುಸ್ತಕ ಚೆನ್ನಾಗಿದ್ದರೆ ತಾನಾಗಿ ಮಾರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ನಮ್ಮ ವ್ಯಾಪಾರಿ ಮಿತ್ರರೂ ನಂಬುತ್ತಾರೆ, ಅದೇ ಆಶ್ಚರ್ಯ! ಒಳ್ಳೆಯ ಬೆಲ್ಲ ತಾನಾಗಿ ಮಾರುವುದಿಲ್ಲ ಎಂದು ಅವರಿಗೆ ಗೊತ್ತು. ಗಾಡಿ ಬೇಕು, ಮಳಿಗೆ ಬೇಕು, ಸಾಲ ಕೊಡುವ ಸಾಹುಕಾರ ಬೇಕು, ಕೊನೆಗೆ ಕೊಳ್ಳುವವನ ಕಿಸೆಯಲ್ಲಿ ಆ ದಿನ ಕಾಸಿರಬೇಕು. ಬೆಲ್ಲಕ್ಕೆ ಒಪ್ಪುವ ಮಾತನ್ನು ಪುಸ್ತಕಕ್ಕೆ ಒಪ್ಪುವುದಿಲ್ಲ. ಪುಸ್ತಕವೆಂದರೆ ಸರಸ್ವತಿ, ಅವಳಿಗೆ ಗಾಡಿ ಬಾಡಿಗೆ ಇಲ್ಲವೆಂದು ಭಾವನೆ.

ಈಗ ನನ್ನ ಲೆಕ್ಕ. 1970ರ ದಶಕದಲ್ಲಿ ರಾಜಾಜಿನಗರದಲ್ಲಿ ನನ್ನದೊಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಸರ್ಕ್ಯುಲೇಟಿಂಗ್ ಲೈಬ್ರರಿ ಎನ್ನುತ್ತಿದ್ದೆವು. ಹಿರಿಯರಿಗೆ ನೆನಪಿದೆ, ಬೀದಿಗೊಂದು ಇದ್ದವು. ಹತ್ತಡಿ ಎಂಟಡಿ ಮಳಿಗೆ, ಮೂರು ಗೋಡೆಗೆ ಹಲಗೆ, ಹಳೆಯ ಪುಸ್ತಕಕ್ಕೆಲ್ಲ ಕಂದು ಕಾಗದದ ಹೊದಿಕೆ. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾ ಮಿಲ್ಲುಗಳಿಂದ ಪಾಳಿ ಮುಗಿಸಿ ಬರುವವರು ಸೈಕಲ್ಲು ನಿಲ್ಲಿಸಿ, ಮನೆಯಾಕೆ ಚೀಟಿಯಲ್ಲಿ ಬರೆದುಕೊಟ್ಟ ಹೆಸರು ಕೇಳುತ್ತಿದ್ದರು. ತ್ರಿವೇಣಿ ಇದೆಯೇ? ಎಂ. ಕೆ. ಇಂದಿರಾ ಬಂದಿದೆಯೇ? ಇಂದು ಆ ಮಿಲ್ಲುಗಳ ಸೈರನ್ನು ಇಲ್ಲ, ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ನಿಂತಿದೆ. ಆದರೆ ಆ ಚೀಟಿಗಳು ಕೆಲವು ನನ್ನ ಬಳಿ ಇನ್ನೂ ಇವೆ. ಒಂದರ ಹಿಂಬದಿಯಲ್ಲಿ ತೊಗರಿಬೇಳೆ, ಹುಣಿಸೆಹಣ್ಣು ಎಂದು ದಿನಸಿಯ ಪಟ್ಟಿ; ಮುಂಬದಿಯಲ್ಲಿ ‘ಶರಪಂಜರ’.

ಒಂದು ಕಾದಂಬರಿಯ ಬೆಲೆ 6 ರೂಪಾಯಿ. ಮೂರು ದಿನಕ್ಕೆ ಬಾಡಿಗೆ 25 ಪೈಸೆ. ಬೇಡಿಕೆಯ ಪುಸ್ತಕವಾದರೆ ಹೊಲಿಗೆ ಬಿಚ್ಚಿ ಹಾಳೆ ಉದುರುವುದರೊಳಗೆ ನೂರಿಪ್ಪತ್ತು ಸಲ ಮನೆ ಸುತ್ತಿ ಬರುತ್ತಿತ್ತು. ಅಂದರೆ ನನಗೆ 30 ರೂಪಾಯಿ. ಬರೆದವರಿಗೆ? ನಾನು ಕೊಂಡ ಒಂದು ಪ್ರತಿಯ ಮೇಲೆ ನೂರಕ್ಕೆ ಹತ್ತು ಗೌರವಧನ ಎಂದು ಹಿಡಿದರೆ 60 ಪೈಸೆ. ಅದೂ ಪ್ರಕಾಶಕನು ಪ್ರಾಮಾಣಿಕನಾಗಿ ಲೆಕ್ಕ ಕೊಟ್ಟಿದ್ದರೆ. ಕಾದಂಬರಿಯ ಹಕ್ಕನ್ನೇ ಒಂದು ಗಂಟಿಗೆ ಕೊಂಡುಬಿಡುವ ಪದ್ಧತಿಯೂ ಇತ್ತು. ಹಾಗೆ ಮಾರಿದವರಿಗೆ ಆ 60 ಪೈಸೆಯೂ ಇಲ್ಲ.

ಒಂದು ಪ್ರತಿ, ನೂರಿಪ್ಪತ್ತು ಮನೆ. ಮನೆಗೆ ಮೂವರು ಓದಿದರೂ ಮುನ್ನೂರ ಅರವತ್ತು ಜನ ಅತ್ತರು, ನಕ್ಕರು, ರಾತ್ರಿ ದೀಪ ಆರಿಸದೆ ಬೈಸಿಕೊಂಡರು. ಬರೆದವರ ಪಾಲಿಗೆ ಅಷ್ಟೂ ಜನ ಸೇರಿ ಒಬ್ಬ ಗಿರಾಕಿ. ಕನ್ನಡದಲ್ಲಿ ಓದುವವರೇ ಇಲ್ಲ ಎಂದು ವೇದಿಕೆಯ ಮೇಲೆ ನಿಂತು ಕಣ್ಣೀರು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಓದುವವರು ಇದ್ದರು, ನಾನು ಕಣ್ಣಾರೆ ಕಂಡಿದ್ದೇನೆ. ಮಿಲ್ಲಿನ ಸಂಬಳದಲ್ಲಿ 6 ರೂಪಾಯಿ ಎಣಿಸಿ ಪುಸ್ತಕ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಅದು ಓದುಗನ ತಪ್ಪೂ ಅಲ್ಲ, ಲೇಖಕನ ತಪ್ಪೂ ಅಲ್ಲ. ಅವರಿಬ್ಬರ ನಡುವೆ ಕುಳಿತು ನಾನು ಬದುಕಿದೆ, ಮಗಳ ಮದುವೆ ಮಾಡಿದೆ. ಇದನ್ನು ಹೇಳಿಕೊಳ್ಳುವುದು ನನಗೆ ಹಿತವಲ್ಲ. ಆದರೂ ಲೆಕ್ಕ ಲೆಕ್ಕವೇ.

ತ್ರಿವೇಣಿಯವರ ಹೆಸರು ಹೇಳಿದೆ. ಅವರು 1963ರಲ್ಲಿ, 35 ತುಂಬುವ ಮುನ್ನವೇ ತೀರಿಕೊಂಡರು. ‘ಬೆಳ್ಳಿಮೋಡ’ ಸಿನಿಮಾ ಆದದ್ದು 1967ರಲ್ಲಿ, ‘ಶರಪಂಜರ’ 1971ರಲ್ಲಿ. ಸಿನಿಮಾ ಬಂದ ವಾರದಿಂದ ನನ್ನ ಅಂಗಡಿಯಲ್ಲಿ ಆ ಪುಸ್ತಕಕ್ಕೆ ಸರದಿ. ಕತೆ ಮೊದಲಿನದೇ, ಒಂದು ಅಕ್ಷರ ಬದಲಾಗಿರಲಿಲ್ಲ. ಬದಲಾದದ್ದು ಏನು? ಗೋಡೆಗೋಡೆಗೆ ಭಿತ್ತಿಪತ್ರ ಬಿತ್ತು, ಕಲ್ಪನಾ ಮುಖ ಬಿತ್ತು, ರೇಡಿಯೋದಲ್ಲಿ ಹಾಡು ಬಂತು. ಆ ಮೆರವಣಿಗೆಯನ್ನು ನೋಡಲು ಬರೆದಾಕೆಯೇ ಇರಲಿಲ್ಲ.

ಇಲ್ಲಿ ನನ್ನದೊಂದು ಪಾಪವನ್ನೂ ಹೇಳಬೇಕು. ಒಬ್ಬ ಲೇಖಕರು (ಅವರ ಹೆಸರು ಬೇಡ) ತಮ್ಮ ಕಾದಂಬರಿಯನ್ನು ತಾವೇ ಅಚ್ಚು ಹಾಕಿಸಿ, ಎರಡು ಪ್ರತಿ ನನ್ನ ಅಂಗಡಿಗೆ ತಂದುಕೊಟ್ಟರು. ಒಂದಕ್ಕೆ ಹಣ ಕೊಟ್ಟೆ, ಇನ್ನೊಂದನ್ನು ಅವರೇ ಬಿಟ್ಟುಹೋದರು. ನಾನು ರಾತ್ರಿ ಕುಳಿತು ಓದಿದೆ. ಅಂಥ ಪುಸ್ತಕವನ್ನು ಅದಕ್ಕೆ ಮೊದಲೂ ಓದಿರಲಿಲ್ಲ, ಆಮೇಲೂ ಹೆಚ್ಚು ಓದಿಲ್ಲ. ಬೆಳಗಾದರೆ ಬಂದವರಿಗೆಲ್ಲ ಕೈಗೆ ಕೊಟ್ಟೆ. ಯಾರು ಬರೆದದ್ದು ಎಂದು ಕೇಳುವರು, ಗೊತ್ತಿಲ್ಲದ ಹೆಸರು ಎಂದು ಇಟ್ಟುಬಿಡುವರು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಹೆಸರನ್ನೇ ಕೇಳುವುದು ವಾಡಿಕೆ. ತಿಳಿದ ಹೆಸರಿಗೆ 25 ಪೈಸೆ ಕೊಟ್ಟರೆ ಮೋಸವಿಲ್ಲ, ತಿಳಿಯದ ಹೆಸರಿಗೆ ಕೊಟ್ಟು ಚೆನ್ನಾಗಿಲ್ಲದಿದ್ದರೆ ಆ ವಾರದ ಓದೇ ಹೋಯಿತು. ಅವರನ್ನು ಹೇಗೆ ಬೈಯಲಿ? ಮೂರು ವರ್ಷ ಆ ಪುಸ್ತಕ ಹಲಗೆಯ ಮೇಲಿತ್ತು. ಟೀವಿ ಬಂದು ವ್ಯಾಪಾರ ಬಿದ್ದು ಅಂಗಡಿ ಮುಚ್ಚುವಾಗ ರದ್ದಿಯವನಿಗೆ ಸೇರಿನ ಲೆಕ್ಕದಲ್ಲಿ ಹಾಕಿದೆ. ಎರಡೂ ಪ್ರತಿ. ಒಂದನ್ನಾದರೂ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ.

ಹಾಗಾದರೆ ಒಳ್ಳೆಯ ಪುಸ್ತಕ ಮಾರುವುದೇ ಇಲ್ಲವೇ? ಹಾಗೆಂದರೆ ಸುಳ್ಳಾಗುತ್ತದೆ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದದ್ದು, ಮುದ್ರಣದ ಮೇಲೆ ಮುದ್ರಣವಾಗುತ್ತಲೇ ಇದೆ. ಭೈರಪ್ಪನವರ ‘ಆವರಣ’ 2007ರಲ್ಲಿ ಬಿಡುಗಡೆಗೆ ಮುಂಚೆಯೇ ಖರ್ಚಾಯಿತು. ಅದರ ಸುತ್ತ ಎದ್ದ ಗದ್ದಲವೂ ಮಾರಾಟಕ್ಕೆ ಒದಗಿತು. ಗದ್ದಲವೂ ಒಂದು ಗಾಡಿಯೇ. ಕಾದಂಬರಿ ಕಾಲೇಜಿಗೆ ಪಠ್ಯವಾಯಿತೋ, ಓದುವ ಮನಸ್ಸಿರಲಿ ಬಿಡಲಿ, ಮಕ್ಕಳು ಕೊಳ್ಳಲೇಬೇಕು. ಗುಣವಿದ್ದ ಪುಸ್ತಕ ಮಾರುವುದುಂಟು, ಗುಣವಿಲ್ಲದ್ದೂ ಮಾರುವುದುಂಟು. ಯಾವುದು ಮಾರಿತು ಎಂದು ಕೇಳಿದರೆ, ಯಾವ ಗಾಡಿ ಸಿಕ್ಕಿತು ಎಂದು ನಾನು ತಿರುಗಿ ಕೇಳುತ್ತೇನೆ.

ಇತ್ತೀಚಿನ ಸಾಕ್ಷಿ ಬೇಕಾದರೆ ಹಾಸನದ ಬಾನು ಮುಷ್ತಾಕ್ ಅವರನ್ನು ನೋಡಿ. ವಕೀಲರು, ಹಿಂದೆ ‘ಲಂಕೇಶ್ ಪತ್ರಿಕೆ’ಯ ವರದಿಗಾರರು. ದಶಕಗಳ ಕಾಲ ಕನ್ನಡದಲ್ಲಿ ಕತೆ ಬರೆದರು. 1990ರಿಂದ 2023ರವರೆಗಿನ ಕತೆಗಳಲ್ಲಿ ಹನ್ನೆರಡನ್ನು ಆರಿಸಿ ಮಡಿಕೇರಿಯ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಅದಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು: 50,000 ಪೌಂಡು, ಇಬ್ಬರಿಗೂ ಸಮಪಾಲು. ಮಾರನೆಯ ದಿನವೇ ಅಂಗಡಿಯಲ್ಲಿ ಅವರ ಕನ್ನಡ ಪುಸ್ತಕ ಕೇಳುವವರು ಹುಟ್ಟಿಕೊಂಡರು. ಅದೇ ಕತೆಗಳು ಏಪ್ರಿಲ್ ತಿಂಗಳಲ್ಲಿ ಕಳಪೆಯಾಗಿದ್ದು ಜೂನ್ ತಿಂಗಳಲ್ಲಿ ಶ್ರೇಷ್ಠವಾದವೇ? ಅವರಿಗೆ ಬಂದ ಮಾನಕ್ಕೆ ನನ್ನಷ್ಟು ಹಿಗ್ಗಿದವನಿಲ್ಲ. ಆದರೆ ಹಾಸನದ ಕತೆ ಹಾಸನದ ಓದುಗನ ಮನೆಗೆ ಲಂಡನ್ನಿನ ದಾರಿಯಾಗಿ ಬರಬೇಕಾಯಿತಲ್ಲ ಎಂಬ ಒಂದು ಮುಳ್ಳು ಉಳಿಯುತ್ತದೆ.

ಇದು ನಮ್ಮೊಬ್ಬರ ಗೋಳೂ ಅಲ್ಲ. ಅಮೆರಿಕದ ಹರ್ಮನ್ ಮೆಲ್ವಿಲ್ ‘ಮೋಬಿ ಡಿಕ್’ ಬರೆದದ್ದು 1851ರಲ್ಲಿ. ಬದುಕಿರುವವರೆಗೆ ಮಾರಿದ್ದು ಕೆಲವೇ ಸಾವಿರ. ಸಂಸಾರ ಸಾಗಿಸಲು ನ್ಯೂಯಾರ್ಕಿನ ಬಂದರುಕಟ್ಟೆಯಲ್ಲಿ ಸುಂಕದ ಇನ್ಸ್‌ಪೆಕ್ಟರಾಗಿ 19 ವರ್ಷ ದುಡಿದ. 1891ರಲ್ಲಿ ಸತ್ತ. ಲೋಕ ಅವನನ್ನು ಕೊಂಡಾಡಿದ್ದು ಅದಾಗಿ ಎಷ್ಟೋ ಕಾಲದ ಮೇಲೆ.

ನಮ್ಮ ಹಿರಿಯರಿಗೆ ಈ ಗಾಡಿಯ ವಿಷಯ ಚೆನ್ನಾಗಿ ಗೊತ್ತಿತ್ತು. ಗಳಗನಾಥರು ಮೇಷ್ಟ್ರ ಕೆಲಸ ಬಿಟ್ಟು, ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆದವನೂ ಅವರೇ, ಹಮಾಲನೂ ಅವರೇ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವಿಟ್ಟು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿ ನೋಡಿದರು, ಹೊದಿಕೆಯ ಚಿತ್ರವನ್ನೂ ತಾವೇ ಬರೆದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಬಗೆಯೇ ಬೇರೆ. ಓದುಗರಿಂದ ಮುಂಗಡ ಚಂದಾ ಎತ್ತಿ, ವರ್ಷಕ್ಕೆ ಇಷ್ಟು ಪುಸ್ತಕವೆಂದು ಮನೆಗೆ ಕಳಿಸಿದರು. ಇದರ ಜಾಣತನವನ್ನು ವ್ಯಾಪಾರಿಗಳು ಗಮನಿಸಬೇಕು. ಚಂದಾದಾರನಿಗೆ ಯಾವ ಪುಸ್ತಕ ಬರುತ್ತದೆಂದು ಗೊತ್ತಿಲ್ಲ, ಆದರೂ ಹಣ ಕೊಟ್ಟಿದ್ದಾನೆ. ಆದುದರಿಂದ ಹೊಸ ಹೆಸರಿನ ಪುಸ್ತಕಕ್ಕೂ ಮೊದಲ ದಿನವೇ ಕೆಲವು ನೂರು ಮನೆ ಖಾತ್ರಿ. ನನ್ನ ಅಂಗಡಿಯಲ್ಲಿ ಸತ್ತುಹೋದ ಆ ಕಾದಂಬರಿಗೆ ಬೇಕಾಗಿದ್ದದ್ದು ಇದು.

ಮಲಯಾಳಿಗಳು ಇನ್ನೂ ಮುಂದೆ ಹೋದರು. 1945ರಲ್ಲಿ ಕೊಟ್ಟಾಯಂನಲ್ಲಿ ಹನ್ನೆರಡು ಜನ ಲೇಖಕರು ಸೇರಿ, 120 ರೂಪಾಯಿ ಬಂಡವಾಳ ಹಾಕಿ, ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘ ಕಟ್ಟಿದರು. ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸಿ, ತಮ್ಮದೇ ಮಳಿಗೆಗಳಲ್ಲಿ ಮಾರಿ, ಬರೆದವನಿಗೆ ನೂರಕ್ಕೆ 30ರಂತೆ ಕೊಟ್ಟರು. ಬೇರೆ ಕಡೆ ಹತ್ತು ಸಿಕ್ಕರೆ ಪುಣ್ಯ. ಆ ಸಂಘವೂ ಮುಂದೆ ಸೊರಗಿತು, ಖಾಸಗಿ ಪ್ರಕಾಶಕರು ಮೇಲೆ ಬಂದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಲವು ವರ್ಷ ನಡೆಯಿತು, ನಡೆಯಬಲ್ಲದು ಎಂದು ತೋರಿಸಿತು. ಅದರ ಪಕ್ಕದಲ್ಲೇ ಹಳ್ಳಿಹಳ್ಳಿಗೆ ವಾಚನಾಲಯವೂ ಇತ್ತು.

ನಿರಂಜನರ ‘ಚಿರಸ್ಮರಣೆ’ಯ ಸಂಗತಿ ಇದಕ್ಕೆ ಹೊಂದುತ್ತದೆ. ಈಗಿನ ಕಾಸರಗೋಡು ಜಿಲ್ಲೆಯ ಕಯ್ಯೂರಿನ ರೈತರ ಹೋರಾಟ, 1943ರಲ್ಲಿ ನಾಲ್ವರು ಗಲ್ಲಿಗೇರಿದ ಕತೆ. 1955ರಲ್ಲಿ ಕನ್ನಡದಲ್ಲಿ ಬಂತು. ಮಲಯಾಳಕ್ಕೆ ಅನುವಾದವಾದ ಮೇಲೆ ಕೇರಳದಲ್ಲಿ ಮತ್ತೆ ಮತ್ತೆ ಅಚ್ಚಾಯಿತು, ರೈತಸಂಘದವರೂ ಕಾರ್ಮಿಕರೂ ಕೈಯಿಂದ ಕೈಗೆ ಒಯ್ದರು. ಕನ್ನಡದಲ್ಲಿ ಬರೆದ ಪುಸ್ತಕಕ್ಕೆ ಗಡಿಯಾಚೆ ಹೆಚ್ಚು ಬಳಗ! ಹೊಳೆಯ ಆ ದಡದಲ್ಲಿ ಓದುಗರನ್ನು ಒಟ್ಟುಗೂಡಿಸುವ ಸಂಸ್ಥೆಗಳಿದ್ದವು.

ನಮ್ಮಲ್ಲಿ ಸರಕಾರವಿಲ್ಲವೇ ಎಂದು ಕೇಳುವಿರಿ. ಇದೆ. 1965ರ ಗ್ರಂಥಾಲಯ ಕಾಯಿದೆ ಒಳ್ಳೆಯ ಕಾಯಿದೆ. ನೀವು ಕಟ್ಟುವ ಆಸ್ತಿತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರವೆಂದು ಹೋಗುತ್ತದೆ. ರಸೀತಿ ತೆಗೆದು ನೋಡಿ. ಆ ಹಣ ನಗರಸಭೆ, ಪಾಲಿಕೆಗಳ ಕೈಯಲ್ಲಿ ಬಾಕಿ ನಿಂತು, ಗ್ರಂಥಾಲಯ ಇಲಾಖೆಗೆ ಪೂರ್ತಿ ದಾಟುವುದಿಲ್ಲ ಎಂದು ವರ್ಷ ವರ್ಷವೂ ಪತ್ರಿಕೆಗಳಲ್ಲಿ ಓದುತ್ತೇವೆ. ಇಲಾಖೆಯವರು ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದಾರೆ. ಬೆಲೆ ಪುಟದ ಲೆಕ್ಕದ ಮೇಲೆ. ನಾನು ರದ್ದಿಯವನಿಗೆ ತೂಕದ ಮೇಲೆ ಹಾಕಿದೆ, ಅವರು ಪುಟದ ಮೇಲೆ ಕೊಳ್ಳುತ್ತಾರೆ. ಗುಣಕ್ಕೆ ಎರಡು ತಕ್ಕಡಿಯಲ್ಲೂ ಜಾಗವಿಲ್ಲ. ಹಾಗಿದ್ದರೂ ಆ 300 ಪ್ರತಿಯ ಆಸೆಯ ಮೇಲೆಯೇ ಕನ್ನಡದ ಎಷ್ಟೋ ಪುಸ್ತಕಗಳು ಅಚ್ಚಿನ ಮನೆಗೆ ಹೋಗುತ್ತವೆ.

ಇವತ್ತಿನ ಲೆಕ್ಕವನ್ನೂ ಹಾಕಿಬಿಡೋಣ. 200 ರೂಪಾಯಿಯ ಕಾದಂಬರಿ, 1,000 ಪ್ರತಿ, ನೂರಕ್ಕೆ ಹತ್ತು. ಎಲ್ಲವೂ ಮಾರಿದರೆ ಬರೆದವರಿಗೆ 20,000 ರೂಪಾಯಿ. ಬರೆಯಲು ಎರಡು ವರ್ಷ, ಮಾರಲು ಇನ್ನೆರಡು ವರ್ಷ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಣ್ಣುಮಗಳ ಎರಡು ತಿಂಗಳ ಕೂಲಿಗೂ ಇದು ಸಮನಾಗುವುದಿಲ್ಲ. ಆಕೆಯ ಕೂಲಿ ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ, ದೇವರಾಣೆ. ಅಷ್ಟು ಕಡಮೆ ಕೂಲಿಗಿಂತಲೂ ಕಡಮೆ ಎನ್ನುತ್ತಿದ್ದೇನೆ. ಇನ್ನು ಮುಚ್ಚಿಹೋದ ಬಾಡಿಗೆ ಅಂಗಡಿಗಳ ಕೆಲಸವನ್ನು ಈಗ ಮೊಬೈಲು ಮಾಡುತ್ತದೆ. ಪುಸ್ತಕ ಬಿಡುಗಡೆಯಾದ ವಾರಕ್ಕೆ ಯಾರೋ ಪುಟಪುಟವೂ ಫೋಟೋ ಹಿಡಿದು ವಾಟ್ಸಾಪಿನಲ್ಲಿ ಹಂಚುತ್ತಾರೆ, ಸೇವೆ ಮಾಡಿದೆವೆಂದು ನಂಬುತ್ತಾರೆ. ನಾನು ಒಂದು ಪ್ರತಿಗಾದರೂ ಹಣ ಕೊಟ್ಟಿದ್ದೆ.

ಬೇರೆ ದೇಶಗಳು ನನ್ನಂಥವರ ಪಾಪಕ್ಕೆ ಪ್ರಾಯಶ್ಚಿತ್ತ ಹುಡುಕಿವೆ. ಡೆನ್ಮಾರ್ಕಿನವರು 1946ರಲ್ಲಿಯೇ, ಬ್ರಿಟನ್ನಿನವರು 1979ರ ಕಾನೂನಿನಿಂದ, ಸಾರ್ವಜನಿಕ ಗ್ರಂಥಾಲಯದಲ್ಲಿರುವ ಪುಸ್ತಕಕ್ಕೆ ಸರಕಾರದ ಬೊಕ್ಕಸದಿಂದ ಲೇಖಕನಿಗೆ ಹಣ ಕೊಡುವ ಏರ್ಪಾಡು ಮಾಡಿದರು. ಬ್ರಿಟನ್ನಿನಲ್ಲಿ ಒಂದು ಸಲ ಎರವಲು ಹೋದರೆ ಇಷ್ಟು ಪೆನ್ನಿ ಎಂದು ಲೆಕ್ಕ. ಓದುಗನ ಕಿಸೆಗೆ ಕೈ ಹಾಕುವುದಿಲ್ಲ. ದೊಡ್ಡ ಹೆಸರಿನವನೇ ಎಲ್ಲವನ್ನೂ ಬಾಚಿಕೊಳ್ಳದಂತೆ ಒಬ್ಬನಿಗೆ ವರ್ಷಕ್ಕೆ 6,600 ಪೌಂಡು ಎಂದು ಮೇಲ್ಮಿತಿ ಹಾಕಿದರು. ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲ. ಆ ನೂರಿಪ್ಪತ್ತು ಸಲಕ್ಕೆ ಸಲಕ್ಕೊಂದು ಪೈಸೆ ಕೊಟ್ಟಿದ್ದರೂ ತ್ರಿವೇಣಿಯವರ ಮನೆಗೆ ನನ್ನ ಒಂದು ಅಂಗಡಿಯಿಂದ, ಒಂದು ಪ್ರತಿಗೆ, ಮತ್ತೊಂದು 1 ರೂಪಾಯಿ 20 ಪೈಸೆ ಹೋಗುತ್ತಿತ್ತು. ಬೆಂಗಳೂರಿನಲ್ಲಿ ಅಂಥ ಅಂಗಡಿಗಳು ಎಷ್ಟಿದ್ದವು, ಹುಬ್ಬಳ್ಳಿ, ದಾವಣಗೆರೆ, ಮೈಸೂರುಗಳಲ್ಲಿ ಎಷ್ಟಿದ್ದವು, ನೀವೇ ಗುಣಿಸಿ.

ಗ್ರಂಥಾಲಯ ಕರದ ಬಾಕಿ ದಾಟಿಸಿರೆಂದು ನಿಮ್ಮ ಸಂಘಗಳು ಒಂದು ನಿರ್ಣಯ ಮಾಡಿ ಕಳಿಸಬಹುದು. ಬೋನಸ್ಸಿನ ಬೇಡಿಕೆಯ ಕೆಳಗೆ ಒಂದು ಸಾಲು ಸೇರಿಸಿದರೆ ಕಾಗದ ಹೆಚ್ಚು ಬೇಡ. ಇಪ್ಪತ್ತು ಮನೆ ಸೇರಿ ತಿಂಗಳಿಗೆ 20 ರೂಪಾಯಿ ಚಂದಾ ಹಾಕಿದರೆ, ಎರಡು ಪುಸ್ತಕ ಪೂರ್ತಿ ಬೆಲೆಗೆ ಬರುತ್ತವೆ. ಎರಡರಲ್ಲಿ ಒಂದು, ಯಾರೂ ಹೆಸರು ಕೇಳದವರದು ಇರಲಿ ಎಂಬುದು ನನ್ನ ಹಟ. ಚಿಲ್ಲರೆ ಅಂಗಡಿಯ ಗೆಳೆಯರು ಒಂದು ಹಲಗೆ ಜಾಗ ಕೊಟ್ಟರೆ ಸಾಕು, ಬೀರು ಬೇಡ.

ಬಾಗಿಲ ಬಳಿ ಎರಡು ಪೆಟ್ಟಿಗೆ ಇಟ್ಟಿದ್ದೇನೆ. ಕತೆ ಕಾದಂಬರಿಗಳು, ಹೊಸಬರವು, ಬರೆದವರಿಂದಲೇ ಕೊಂಡು ತಂದದ್ದು. ಬೆಲೆ ಹಿಂಬದಿಯಲ್ಲಿದೆ. ಬಾಡಿಗೆಗೆ ಕೊಡುವುದಿಲ್ಲ.